ಪ್ರಶ್ನಾವಳಿ ಚೀಲದಲ್ಲಿಟ್ಟು ಅಡಿಕೆ ಸುಲಿಯಲು ಕೂತೆ

ಶಂಕರಘಟ್ಟದಲ್ಲಿ ಸಮಾಜಶಾಸ್ತ್ರ ಎಂ.ಎ. ಮುಗಿಸಿ ಬಂದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅಲ್ಲ ಮಾರಾಯ್ತಿ, ಇದನ್ನ ಓದಿದ್ರೆ ಎಂಥ ಕೆಲಸ ಸಿಗ್ತದೆ?" ಕುವೆಂಪು ವಿವಿಯಲ್ಲಿ ನನ್ನ ಜೊತೆ ಓದಿದ ಮೂವತ್ತು ಚಿಲ್ಲರೆ ಜನರಲ್ಲಿ ಹೆಚ್ಚಿನವರು ಬಿ.ಎಡ್., ಎಫ್‌ಡಿಎ, ಪಿಡಿಒ ಅಂತ ಹೋದರು. ನಾನು ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಅನ್ನು ಮೂರು ಸಲ ಬರೆದು ನಾಲ್ಕನೇ ಸಲ ಪಾಸಾದೆ. ಅಷ್ಟರೊಳಗೆ ಒಂದು ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದಾಗಿತ್ತು. ಸಂಬಳ ಐದಾರು ತಿಂಗಳಿಗೊಮ್ಮೆ ಬರುತ್ತಿತ್ತು. ಈಗ ಏಳು ವರ್ಷದಿಂದ ಹಳ್ಳಿ ಸಮೀಕ್ಷೆಯಲ್ಲೇ ನನ್ನ ಬದುಕು.

ಮೊದಲ ಕೆಲಸ ಹೊಸನಗರ ತಾಲ್ಲೂಕಿನಲ್ಲಿ, ಒಂದು ಸಂಸ್ಥೆಗೆ. ಹೆಂಗಸರ ದುಡಿಮೆ ಬಗ್ಗೆ ಹದಿನಾಲ್ಕು ಪುಟದ ಪ್ರಶ್ನಾವಳಿ, ತುಂಬಿದ ಒಂದಕ್ಕೆ 90 ರೂಪಾಯಿ. ಬಸ್ಸು, ಆಟೊ, ಊಟ ನನ್ನ ಕೈಯಿಂದ. ಸುಮಾರು 140 ತುಂಬಿಸಿದೆ. 'ಉದ್ಯೋಗ' ಅಂತ ಇದ್ದಲ್ಲಿ ನೂರಕ್ಕೂ ಹೆಚ್ಚು ಕಡೆ 'ಗೃಹಿಣಿ' ಬಂತು. ಹಗಲು ಹೋಗುತ್ತಿದ್ದೆ, ಜಗುಲಿ ಮೇಲಿದ್ದ ಗಂಡಸರೇ ಉತ್ತರ ಹೇಳುತ್ತಿದ್ದರು. ಹೆಂಗಸರನ್ನೇ ಕೇಳಿದರೂ "ಎಂಥದೂ ಇಲ್ಲ, ಮನೇಲೇ ಇರ್ತೀನಿ" ಅನ್ನುತ್ತಿದ್ದರು. ಹಾಗೆ ಹೇಳಿದವರ ಬೆರಳೆಲ್ಲ ಅಡಿಕೆ ಚೊಗರು ಹತ್ತಿ ಕಪ್ಪಾಗಿರುತ್ತಿತ್ತು. ಅದನ್ನು ಕಣ್ಣಾರೆ ನೋಡಿಯೂ 'ಗೃಹಿಣಿ'ಗೇ ಗುರುತು ಹಾಕಿದ್ದೆ. ಸಂಸ್ಥೆಯವರು ಅರವತ್ತರಷ್ಟು ಫಾರಂ ವಾಪಸ್ ಮಾಡಿದರು. ಖರ್ಚು ಕಳೆದು ಎರಡು ತಿಂಗಳ ದುಡಿಮೆಗೆ ಉಳಿದದ್ದು ಎರಡು ಸಾವಿರ ಚಿಲ್ಲರೆ.

ಮುಂದಿನ ಅಡಿಕೆ ಸುಗ್ಗಿಗೆ, ಹೆಂಗಸರು ಸುಲಿಯಲು ಕೂರುವ ರಾತ್ರಿ ಹೊತ್ತಿಗೆ ಹೋದೆ. ಪ್ರಶ್ನಾವಳಿ ಚೀಲದಲ್ಲೇ ಇತ್ತು. ಚಪ್ಪರದಲ್ಲಿ ಒಂದು ಮೆಟ್ಟುಗತ್ತಿ ಕೇಳಿ ಸುಲಿಯಲು ಕೂತೆ. ಎಂಟನೇ ವಯಸ್ಸಿನಿಂದ ಸುಲಿದ ಕೈ ಇದು, ಆ ಸಾಲಿನಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ. ಸುಲಿದದ್ದನ್ನು ಪಕ್ಕದವರ ಬುಟ್ಟಿಗೇ ಹಾಕುತ್ತಿದ್ದೆ. ಯಾಕೆ ಬಂದಿದ್ದೇನೆ ಅಂತ ಮೊದಲ ರಾತ್ರಿಯೇ ಹೇಳಿಬಿಟ್ಟಿದ್ದೆ. ಕದ್ದು ಕೇಳಿಸಿಕೊಂಡ ಮಾತು ನನಗೆ ಬೇಡ. ಮೂರು ರಾತ್ರಿ ಒಂದೂ ಪ್ರಶ್ನೆ ಕೇಳಲಿಲ್ಲ. ಅವರೇ ಕೇಳಿದರು: ಯಾವ ಊರು, ಯಾರ ಮಗಳು, ಮದುವೆ ಆಯ್ತಾ. ನಾಲ್ಕನೇ ರಾತ್ರಿ ನಾನು ಬಾಯಿಬಿಟ್ಟೆ: "ಅಕ್ಕ, ನಿನ್ನೆ ಎಷ್ಟು ಡಬ್ಬ ಆಯ್ತು?"

ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುತ್ತಾರೆ. ಆಮೇಲೆ ಲೆಕ್ಕ ತಾನಾಗಿ ಬಂತು. ಯಾರ ಮನೆಯಲ್ಲಿ ಎಷ್ಟು ಡಬ್ಬ, ಮುಂಗಡ ಎಷ್ಟು, ಅದರಲ್ಲಿ ಸಂಘದ ಕಂತಿಗೆ ಹೋದದ್ದೆಷ್ಟು. ಆ ಅಕ್ಕನ ಹಿಂದಿನ ವರ್ಷದ ಫಾರಂನಲ್ಲಿ 'ಆದಾಯ ಇಲ್ಲ' ಅಂತ ನಾನೇ ಬರೆದಿದ್ದೆ. ಕೈಸಾಲದ ವಿಷಯವನ್ನು ಯಾವ ಮಾತಿನ ಬೆನ್ನಿಗೆ ಕೇಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನಾಲ್ಕು ಸುಗ್ಗಿ ಹಿಡಿದಿದೆ.

ಒಮ್ಮೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲು ಹೋದೆ, ಅವರನ್ನು ಕೇಳಿಯೇ. ಚಪ್ಪರಕ್ಕೆ ಚಪ್ಪರವೇ ಮೌನವಾಯಿತು. ಅಲ್ಲಿಂದ ಮೇಲೆ ಮನೆಗೆ ಬಂದು, ಎಷ್ಟೇ ಹೊತ್ತಾದರೂ, ಮಲಗುವ ಮೊದಲು ಬರೆಯುತ್ತೇನೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ತಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದ ಮೇಲೆ ತಾವು ಅಧ್ಯಯನ ಮಾಡಿದ್ದ ರಾಂಪುರ ಎಂಬ ಹಳ್ಳಿಯ ಬಗ್ಗೆ ನೆನಪಿನಿಂದ ಬರೆದರು. ಅದನ್ನು ಓದಿ ನಮ್ಮಲ್ಲಿ ಕೆಲವರು ನೆನಪು ಸಾಕು ಅಂತ ತಿಳಿದಿದ್ದಾರೆ. ಸಾಲದು, ಬೆಳಗಾದರೆ ಅಂಕಿಗಳು ಒಂದಕ್ಕೊಂದು ಕಲೆತುಹೋಗಿರುತ್ತವೆ.

ಮೂರನೇ ಸುಗ್ಗಿಯಲ್ಲಿ ಕೇಳದೇ ಇದ್ದ ಒಂದು ವಿಷಯ ಸಿಕ್ಕಿತು. "ಅವರ ಮನೆ ಡಬ್ಬ ತುಂಬೋದೇ ಇಲ್ಲ ಮಾರಾಯ್ತಿ" ಅಂದರು ಒಬ್ಬರು. ಕೂಲಿ ಡಬ್ಬದ ಲೆಕ್ಕ ತಾನೆ? ನಾನೂರು ರೂಪಾಯಿ ಆಸುಪಾಸಿಗೆ ಒಂದು ಸ್ಪ್ರಿಂಗ್ ತಕ್ಕಡಿ ತಂದೆ. ಹನ್ನೊಂದು ಮನೆಯ ಡಬ್ಬ ತೂಗಿದೆ. ಕೆಲವರು ಕಂಠಮಟ್ಟ ಅಳೆಯುತ್ತಿದ್ದರು, ಕೆಲವರು ರಾಶಿ ಏರಿಸಿ. ಎಲ್ಲಕ್ಕಿಂತ ಹಗುರದ್ದಕ್ಕೂ ಭಾರದ್ದಕ್ಕೂ ಒಂದೂವರೆ ಕೆ.ಜಿ. ವ್ಯತ್ಯಾಸ, ಕೂಲಿ ಮಾತ್ರ ಒಂದೇ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ. ಎಂ.ಎ.ಯಲ್ಲಿ ಅದನ್ನು 'ರೈತ ಚಳವಳಿಗಳು' ಪಾಠದಲ್ಲಿ ಬಾಯಿಪಾಠ ಮಾಡಿದ್ದೆ. ತಕ್ಕಡಿ ಮುಳ್ಳು ನೋಡುತ್ತ ನಿಂತಾಗ ಆ ಕೊಳಗ ಕಣ್ಣೆದುರು ಬಂತು.

"ಇದು ಸಂಶೋಧನೆ ಅಲ್ಲ, ಹರಟೆ" ಅಂದಿದ್ದ ಸಂಸ್ಥೆಯ ಸಂಯೋಜಕರಿಗೆ ಡಬ್ಬದ ಕೋಷ್ಟಕ ಕಳಿಸಿದೆ. ಮುಂದಿನ ವರ್ಷ ಅವರೇ ಕರೆದು ತಮ್ಮ ಹುಡುಗರಿಗೆ ಎರಡು ದಿನ ತರಬೇತಿ ಕೊಡಿಸಿದರು. ಈಗ ಫಾರಂಗೆ 250, ಓಡಾಟದ ಖರ್ಚು ಬೇರೆ, ಜೊತೆಗೆ ಇಬ್ಬರು ಹುಡುಗಿಯರು. ಹೋದ ವರ್ಷ ಅವರಿಗೆ ಕೊಟ್ಟು ನನಗೆ ಮೂರು ಲಕ್ಷದ ಹತ್ತಿರ ಉಳಿಯಿತು. ನಮ್ಮ ಫಾರಂ ಒಂದೂ ವಾಪಸ್ ಬಂದಿಲ್ಲ.

ಊರ ಪಕ್ಕದ ಕಾಡಿನ ದಾರಿ, ನೀರಿನ ಜಾಗಗಳನ್ನು ಹೆಂಗಸರಿಂದ ರಂಗೋಲಿಯಲ್ಲಿ ಬರೆಸುವ ಪ್ರಯತ್ನವೂ ನಡೆದಿದೆ. ಎರಡು ಊರಲ್ಲಿ ಚೆನ್ನಾಗಿ ಬಂತು, ಮೂರನೆಯದರಲ್ಲಿ ಮಳೆ ತೊಳೆದುಕೊಂಡು ಹೋಯಿತು.

ಈ ಸಲ ನಾನು ಮೊದಲು ಕೂತಿದ್ದ ಮನೆಗೇ ಸುಲಿಯುವ ಯಂತ್ರ ಬಂದಿದೆ. ಅಲ್ಲಿ ಸುಲಿಯುತ್ತಿದ್ದ ಇಪ್ಪತ್ತೆರಡು ಜನರ ಪಟ್ಟಿ ನನ್ನ ಹಳೇ ಪುಸ್ತಕದಲ್ಲಿದೆ. ಒಂಬತ್ತು ಜನ ಸಿಕ್ಕಿದ್ದಾರೆ, ಒಬ್ಬರು ತೀರ್ಥಹಳ್ಳಿ ಕಡೆ ಮಗಳ ಮನೆಗೆ ಹೋಗಿದ್ದಾರಂತೆ. ಉಳಿದವರನ್ನು ಹುಡುಕಲು ಸೋಮವಾರ ಹೊರಡುತ್ತೇನೆ.