ಮೀನು ಬಿಟ್ಟ ಮೂರೇ ದಿನಕ್ಕೆ 11 ಸತ್ತವು

ತಾರಸಿ ಮೇಲೆ ಅಕ್ವಾಪೋನಿಕ್ಸ್ ಶುರು ಮಾಡಿದೆ, ಅಂದರೆ ಮೀನಿನ ನೀರಲ್ಲೇ ಗಿಡ ಬೆಳೆಸುವುದು: ಮೀನಿಗೆ 500 ಲೀಟರ್ ಡ್ರಮ್, ಪಕ್ಕದಲ್ಲಿ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಪಾಲಕ್, ಪುದೀನ. ಎಲ್ಲ ಜೋಡಿಸಿದ ಮರುದಿನವೇ 30 ಕೋಯ್ (ಬಣ್ಣದ ಅಲಂಕಾರಿಕ ಮೀನು) ಮರಿ ತಂದು ಬಿಟ್ಟೆ. ಮೂರನೇ ದಿನ ಬೆಳಿಗ್ಗೆ 11 ಮರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಮೊದಲು ಕ್ಲೋರಿನ್ ಅಂದುಕೊಂಡೆ, ಆದರೆ ನಮ್ಮದು ಬೋರ್‌ವೆಲ್ ನೀರು. ಆಮೇಲೆ ಸುಮ್ನೆ ಅಂಗಡಿಯವರನ್ನು ಬೈದುಕೊಂಡೆ. ಜಲ್ಲಿ ಮೇಲೆ ನಿಂಬೆಹಣ್ಣು ಹಿಂಡಿದೆ, ನೊರೆ ಬರಲಿಲ್ಲ, ಅಂದರೆ ನೀರನ್ನು ಕ್ಷಾರೀಯ ಮಾಡುವ ಸುಣ್ಣಕಲ್ಲು ಅದರಲ್ಲಿ ಇಲ್ಲ. ಉಳಿದ ಮರಿಗಳು ಏರ್ ಪಂಪ್ ಓಡುತ್ತಿದ್ದರೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಸತ್ತ ಒಂದರ ಕಿವಿರು ಎತ್ತಿ ನೋಡಿದರೆ ಸುಟ್ಟ ಹಾಗೆ ಕೆಂಪಾಗಿತ್ತು. ಆಗ ನೀರಲ್ಲಿ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಬರುವ ವಿಷ) ಎಷ್ಟಿದೆ ಅಂತ ನೋಡುವ ಕಿಟ್ ತಂದೆ. ಹಳದಿ ಇರಬೇಕಾದ ನೀರು ಕಡುಹಸಿರಾಯಿತು, 4 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 4)! ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಅನ್ನುವ ಅಳತೆ) 8.2. ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾ ಹೆಚ್ಚು ವಿಷ, ಬಿಸಿಲಿಗೆ ನೀರು ಕಾದರೆ ಇನ್ನೂ ಕಷ್ಟ.

ತಪ್ಪು ನನ್ನದೇ. ಹೊಸ ಜಲ್ಲಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ (ಇದೂ ವಿಷವೇ), ಆಮೇಲೆ ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರಲೇ ಇಲ್ಲ, ಅವು ಬೆಳೆಯಲು 4ರಿಂದ 6 ವಾರ ಬೇಕು. ಜೊತೆಗೆ ಮೀನು ದಪ್ಪ ಆಗಲಿ ಅಂತ ದಿನಕ್ಕೆ ಮೂರು ಸಲ ಊಟ ಬೇರೆ!

ಊಟ ಪೂರ್ತಿ ನಿಲ್ಲಿಸಿದೆ. ಹಿಂದಿನ ರಾತ್ರಿಯೇ ತುಂಬಿ ಗಾಳಿಯಾಡಿಸಿಟ್ಟ ನೀರಿನಿಂದ ದಿನಾ ಮೂರನೇ ಒಂದು ಭಾಗ ಬದಲಿಸಿದೆ. ಗೆಳೆಯನ ಹಳೇ ತೊಟ್ಟಿಯಿಂದ ಆ ಬ್ಯಾಕ್ಟೀರಿಯಾ ಅಂಟಿದ ಒಂದು ಬಕೆಟ್ ಜಲ್ಲಿ ತಂದು, ತೊಳೆಯದೆ ಹಾಗೇ ಸುರಿದೆ (ತೊಳೆದರೆ ತಂದದ್ದೇ ದಂಡ ಅಲ್ವಾ). ಇನ್ನೂ 4 ಸತ್ತವು. ಐದನೇ ವಾರಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಉಳಿದ 15 ಈಗ ಕೈ ಕಂಡರೆ ಓಡಿಬರುತ್ತವೆ.