ಸಮಾಜಕಾರ್ಯದ ಕೆ-ಸೆಟ್, ನೆಟ್: ತಿರುಚಿ ಕೇಳುವ ಪ್ರಶ್ನೆಗಳಿಗೆ ತಯಾರಿ ಹೇಗೆ?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವವರು ಕೆ-ಸೆಟ್ ಇಲ್ಲವೇ ನೆಟ್ ಎಂಬ ಅರ್ಹತಾ ಪರೀಕ್ಷೆ ದಾಟಬೇಕು. ಕೆ-ಸೆಟ್ ಅರ್ಹತೆ ಕರ್ನಾಟಕಕ್ಕೆ, ನೆಟ್ ಅರ್ಹತೆ ದೇಶಕ್ಕೆಲ್ಲ. ಎರಡರ ಅಚ್ಚೂ ಒಂದೇ: ಎಲ್ಲ ವಿಷಯದವರಿಗೂ ಸಾಮಾನ್ಯವಾದ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, 100 ಅಂಕ; ಸಮಾಜಕಾರ್ಯದ್ದಾದ ಎರಡನೆಯದರಲ್ಲಿ 100 ಪ್ರಶ್ನೆ, 200 ಅಂಕ; ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರು ಶೇ 40, ಮೀಸಲಾತಿ ಇರುವವರು ಶೇ 35 ಅಂಕ ಪಡೆದರೆ ಪರಿಗಣನೆಗೆ ಬರುತ್ತಾರೆ, ಅಷ್ಟೇ. ಅರ್ಹರೆಂದು ಘೋಷಿಸುವುದು ಪರೀಕ್ಷೆ ಬರೆದವರಲ್ಲಿ ಶೇ 6ರಷ್ಟು ಮಂದಿಯನ್ನು ಮಾತ್ರ. ಕೇಸ್‌ವರ್ಕ್ (ಒಬ್ಬೊಬ್ಬ ವ್ಯಕ್ತಿಯ ಸಮಸ್ಯೆ ಹಿಡಿದು ನೆರವಾಗುವ ವಿಧಾನ) ಎಂದರೇನು ಎಂಬಂಥ ಪ್ರಶ್ನೆಗೆ ಎಲ್ಲರೂ ಸರಿಯುತ್ತರ ಬರೆದಿರುತ್ತಾರೆ. ಆ ಶೇ 6ರ ಒಳಗೆ ಸೇರಿಸುವುದು ತಿರುಚಿ ಕೇಳಿದ ಪ್ರಶ್ನೆಗಳು.

ತಿರುಚಿದ ಪ್ರಶ್ನೆ ಹೆಚ್ಚಾಗಿ ಎರಡು ಸಂಗತಿಗಳ ನಡುವಿನ ಸಂಬಂಧ ಕೇಳುತ್ತದೆ. ಗೈಡ್ ಪುಸ್ತಕದಲ್ಲಿ ಒಂದೊಂದೇ ಸಾಲು ಕಂಠಪಾಠ ಮಾಡಿದವರು ಅಲ್ಲಿ ತಡವರಿಸುತ್ತಾರೆ. ಓದುವಾಗಲೇ ಜೋಡಿ ಕಟ್ಟಿಕೊಂಡು ಓದಬೇಕು. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ತಪ್ಪುಗಳ ಪುಸ್ತಕ

ಪುಸ್ತಕ ತೆರೆಯುವ ಮೊದಲು ಹಳೆಯ ಮೂರು ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಮನೆಯಲ್ಲಿ ಗದ್ದಲವಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಮೂರು ಗಂಟೆ ಒಂದೇ ಕುರ್ಚಿಯಲ್ಲಿ ಕೂರುವ ಅಭ್ಯಾಸವೂ ಆಗುತ್ತದೆ. ಆಮೇಲೆ ಕೀ ಉತ್ತರ ನೋಡಿ, ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ಅಕ್ಷರ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವಾದರೆ ‘ಗೊ’, ಗೊತ್ತಿದ್ದೂ ಇನ್ನೊಂದರ ಜತೆ ಕಲಸಿಕೊಂಡಿದ್ದರೆ ‘ಕ’, ಪ್ರಶ್ನೆ ಸರಿಯಾಗಿ ಓದದಿದ್ದರೆ ‘ಓ’. ಪಕ್ಕದಲ್ಲಿ, ಆ ತಪ್ಪು ಆಪ್ಷನ್ ಆಗ ಯಾಕೆ ಸರಿ ಅನಿಸಿತು ಎಂದು ಒಂದು ಸಾಲು ಬರೆಯಿರಿ. ಈ ಸಾಲನ್ನು ಬರೆಯಲು ಬೇಜಾರಾಗುತ್ತದೆ, ಆದರೆ ಬಿಡಬೇಡಿ. ಸರಿಯುತ್ತರ ಮಾತ್ರ ಬರೆದಿಟ್ಟುಕೊಂಡವರು ಮುಂದಿನ ಸಲ ಅದೇ ಬಲೆಗೆ ಬೀಳುತ್ತಾರೆ.

‘ಗೊ’ ಹೆಚ್ಚಿದ್ದರೆ ಪಠ್ಯಕ್ರಮದ ಹತ್ತು ಘಟಕಗಳಲ್ಲಿ ಯಾವುದು ಬಿಟ್ಟುಹೋಗಿದೆ ನೋಡಿ. ‘ಕ’ ಹೆಚ್ಚಿದ್ದರೆ ಇನ್ನಷ್ಟು ಪುಸ್ತಕ ಓದಿ ಪ್ರಯೋಜನವಿಲ್ಲ, ಓದಿದ್ದನ್ನೇ ಜೋಡಿ ಮಾಡಬೇಕು. ‘ಓ’ ಹೆಚ್ಚಿದ್ದರೆ ಅದು ಅವಸರದ ಕಾಯಿಲೆ. ‘ಇವುಗಳಲ್ಲಿ ಯಾವುದು ಸೇರಿಲ್ಲ’ ಎಂಬಂಥ ಪ್ರಶ್ನೆಯಲ್ಲಿ ‘ಇಲ್ಲ’ದ ಕೆಳಗೆ ಗೆರೆ ಎಳೆದೇ ಮುಂದೆ ಹೋಗಿ. ಕೇಸ್‌ವರ್ಕ್ ಬಗ್ಗೆ ಬರೆದ ಬೀಸ್ಟೆಕ್ ಹೇಳಿದ ಏಳು ತತ್ವಗಳಲ್ಲಿ ಸೇರದ್ದು ಯಾವುದು ಎಂದು ಕೇಳಿ, ಸ್ವೀಕಾರ, ಗೋಪ್ಯತೆ, ಸ್ವನಿರ್ಧಾರಗಳ ನಡುವೆ ಪರಾನುಭೂತಿಯನ್ನು (ಇನ್ನೊಬ್ಬರ ಭಾವನೆಯನ್ನು ಅವರ ಜಾಗದಲ್ಲಿ ನಿಂತು ಅರಿಯುವುದು) ತೂರಿಸುತ್ತಾರೆ. ಸಮಾಜಕಾರ್ಯಕ್ಕೆ ಪರಾನುಭೂತಿ ಬೇಕೇ ಬೇಕು. ಆದರೂ ಆ ಏಳರ ಪಟ್ಟಿಯಲ್ಲಿ ಅದರ ಹೆಸರಿಲ್ಲ.

ನಡುವೆ ‘ಏಕೆಂದರೆ’ ಇಟ್ಟು ಓದಿ

ಪ್ರತಿಪಾದನೆ–ಕಾರಣ ಮಾದರಿಯ ಪ್ರಶ್ನೆಯಲ್ಲಿ ಎರಡೂ ಹೇಳಿಕೆ ಸರಿ ಎಂದು ತಿಳಿದ ಕೂಡಲೇ ‘ಎರಡೂ ಸರಿ, ಎರಡನೆಯದು ಮೊದಲನೆಯದರ ವಿವರಣೆ’ ಎಂಬ ಮೊದಲ ಆಪ್ಷನ್ ಗುರುತು ಮಾಡಿಬಿಡುವವರೇ ಹೆಚ್ಚು. ಒಂದು ಉದಾಹರಣೆ ತೆಗೆದುಕೊಳ್ಳಿ. ಪ್ರತಿಪಾದನೆ: ಪೋಕ್ಸೋ ಕಾಯ್ದೆಯಡಿ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ವರದಿ ಮಾಡುವುದು ಕಡ್ಡಾಯ. ಕಾರಣ: ಈ ಕಾಯ್ದೆಯಲ್ಲಿ 18 ವರ್ಷದೊಳಗಿನ ಎಲ್ಲರೂ ಮಕ್ಕಳು. ಬಿಡಿಬಿಡಿಯಾಗಿ ಎರಡೂ ನಿಜ. ಈಗ ನಡುವೆ ‘ಏಕೆಂದರೆ’ ಸೇರಿಸಿ ಜೋರಾಗಿ ಓದಿ: ‘ವರದಿ ಮಾಡುವುದು ಕಡ್ಡಾಯ, ಏಕೆಂದರೆ 18 ವರ್ಷದೊಳಗಿನ ಎಲ್ಲರೂ ಮಕ್ಕಳು.’ ಕೂಡಿಬರಲಿಲ್ಲ. ಕಡ್ಡಾಯ ಬಂದದ್ದು 19ನೇ ಸೆಕ್ಷನ್‌ನಿಂದ, ವರದಿ ಮಾಡದಿದ್ದರೆ ಶಿಕ್ಷೆ 21ನೇ ಸೆಕ್ಷನ್‌ನಿಂದ. ಹಾಗಾಗಿ ಉತ್ತರ: ಎರಡೂ ಸರಿ, ಆದರೆ ಎರಡನೆಯದು ಮೊದಲನೆಯದರ ವಿವರಣೆ ಅಲ್ಲ.

ಇನ್ನೊಂದು: ಕೇಸ್‌ವರ್ಕ್‌ನಲ್ಲಿ ಗೋಪ್ಯತೆಗೂ ಮಿತಿಯಿದೆ, ಏಕೆಂದರೆ ಕೆಲವು ಮಾಹಿತಿ ಮುಚ್ಚಿಟ್ಟರೆ ಇನ್ನೊಬ್ಬರ ಜೀವಕ್ಕೆ ಅಪಾಯವಾಗಬಹುದು. ಇದು ಕೂಡಿತು. ದಿನಕ್ಕೆ ಐದರಂತೆ ಇಂಥ ಜೋಡಿಗಳನ್ನು ನೀವೇ ತಯಾರಿಸಿ ಸ್ನೇಹಿತರಿಗೆ ಕೊಡಿ. ಪ್ರಶ್ನೆ ತೆಗೆಯುವವರು ಎಲ್ಲಿ ಬಲೆ ಹಾಕುತ್ತಾರೆ ಎಂಬುದು ಪ್ರಶ್ನೆ ಬರೆದಾಗ ತಿಳಿಯುವಷ್ಟು ಬಿಡಿಸಿದಾಗ ತಿಳಿಯುವುದಿಲ್ಲ.

‘ಸಮಾಜಕಾರ್ಯಕರ್ತರು ಮೊದಲು ಏನು ಮಾಡಬೇಕು?’

ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಯಲ್ಲಿ ನಾಲ್ಕು ಆಪ್ಷನ್‌ಗಳೂ ಒಳ್ಳೆಯ ಕೆಲಸಗಳೇ ಆಗಿರುತ್ತವೆ. ಕೇಳುವುದು ಯಾವುದು ಮೊದಲು ಎಂದು. ಎರಡು ಸನ್ನಿವೇಶಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಬೆಂಗಳೂರಿನ ಒಂದು ಶಾಲೆ. ಒಂಬತ್ತನೇ ತರಗತಿಯ ಹುಡುಗಿ ಶಾಲಾ ಸಮಾಜಕಾರ್ಯಕರ್ತೆಯ ಹತ್ತಿರ ಬಂದು, ಮಾವ ಮೈಮುಟ್ಟಿ ಹಿಂಸೆ ಕೊಡುತ್ತಾನೆ, ‘ಮಿಸ್, ಅಮ್ಮನಿಗೆ ಹೇಳಬೇಡಿ’ ಎನ್ನುತ್ತಾಳೆ. ಆಪ್ಷನ್‌ಗಳು: ತಾಯಿಯನ್ನು ಕರೆಸಿ ಮಾತಾಡುವುದು, ಹುಡುಗಿಯ ಮಾತಿಗೆ ಬೆಲೆ ಕೊಟ್ಟು ಗುಟ್ಟು ಕಾಯುವುದು, ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸುವುದು, ಆಪ್ತಸಮಾಲೋಚನೆ ಶುರುಮಾಡುವುದು. ಉತ್ತರ ಪೊಲೀಸರಿಗೆ ತಿಳಿಸುವುದು. ಸ್ವನಿರ್ಧಾರದ ತತ್ವ ಇಲ್ಲಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡುವುದೂ ತಪ್ಪು. ಯಾರಿಗೆ, ಯಾಕೆ ಹೇಳಬೇಕಾಗುತ್ತದೆ ಎಂಬುದನ್ನು ಹುಡುಗಿಗೆ ಅರ್ಥವಾಗುವಂತೆ ತಿಳಿಸಬೇಕು.

ಎರಡನೆಯದು. ಮೂವತ್ತು ವರ್ಷದ ಹೆಂಗಸು ಆಸ್ಪತ್ರೆಯ ಸಮಾಜಕಾರ್ಯಕರ್ತರ ಮುಂದೆ, ಗಂಡ ಹೊಡೆಯುತ್ತಾನೆ, ಆದರೆ ಸದ್ಯ ದೂರು ಬೇಡ ಎನ್ನುತ್ತಾಳೆ. ಮೊದಲ ಸನ್ನಿವೇಶ ಓದಿದ ಬಿಸಿಯಲ್ಲಿ ಇದಕ್ಕೂ ‘ಪೊಲೀಸರಿಗೆ ತಿಳಿಸುವುದು’ ಎಂದು ಗುರುತು ಮಾಡಿದರೆ ಎರಡು ಅಂಕ ಹೋಯಿತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಯಡಿ ನೊಂದವರಿಗೆ ನೆರವಾಗಲು ನೇಮಕಗೊಂಡ ಅಧಿಕಾರಿ) ಮಾಹಿತಿ ಕೊಡಬಹುದು. ಪೋಕ್ಸೋದಂತೆ ‘ಕೊಡಲೇಬೇಕು’ ಎಂಬುದು ಅಲ್ಲಿಲ್ಲ. ಈಕೆ ವಯಸ್ಕಳು. ಇವತ್ತು ಮನೆಗೆ ಹೋದರೆ ಜೀವಕ್ಕೆ ಅಪಾಯವಿದೆಯೇ ಎಂದು ಅವಳ ಜತೆ ಕೂತು ಅಂದಾಜು ಮಾಡುವುದು ಮೊದಲು. ಆಮೇಲೆ ಸಂರಕ್ಷಣಾಧಿಕಾರಿ, ಸಾಂತ್ವನ ಕೇಂದ್ರ, ಕಾನೂನು ನೆರವಿನ ಮಾಹಿತಿ. ದೂರಿನ ತೀರ್ಮಾನ ಅವಳದು.

ಇಂಥ ಪ್ರಶ್ನೆ ಬಂದಾಗ ಮೂರು ಸಂಗತಿ ಈ ಕ್ರಮದಲ್ಲೇ ನೋಡಿ: ಈ ಕ್ಷಣ ಜೀವಕ್ಕೆ ಅಪಾಯವಿದೆಯೇ? ಕಾನೂನು ಏನನ್ನಾದರೂ ಕಡ್ಡಾಯ ಮಾಡಿದೆಯೇ? ಎರಡೂ ಇಲ್ಲವಾದರೆ, ಮಾಹಿತಿ ಕಲೆಹಾಕಿ ಸಮಸ್ಯೆ ಅರಿಯುವ ಹಂತ ಮುಗಿದಿದೆಯೇ? ಮುಗಿದಿಲ್ಲವಾದರೆ ಸಲಹೆ ಕೊಡುವ, ಬೇರೆಡೆ ಕಳಿಸುವ ಆಪ್ಷನ್‌ಗಳನ್ನು ಹೊಡೆದುಹಾಕಿ. ಫೀಲ್ಡ್‌ವರ್ಕ್ ಚೆನ್ನಾಗಿ ಮಾಡಿದವರೂ ಇಲ್ಲಿ ಎಡವುತ್ತಾರೆ. ಏಜೆನ್ಸಿಯಲ್ಲಿ ಸೂಪರ್‌ವೈಸರ್ ಹೇಳಿದಂತೆ ನಡೆದ ರೂಢಿಯನ್ನೇ ಉತ್ತರವಾಗಿ ಬರೆಯುತ್ತಾರೆ. ಪರೀಕ್ಷೆ ಕೇಳುವುದು ತತ್ವ ಮತ್ತು ಕಾನೂನಿನಲ್ಲಿ ಇರುವುದನ್ನು.

ಕಾಯ್ದೆಗಳನ್ನು ಹಳೆಯದರ ಪಕ್ಕ ಹೊಸದನ್ನಿಟ್ಟು ಓದಿ

ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಕ್ಕೆ ಹಳೆಯ ಕಾಯ್ದೆ, ಬಲಕ್ಕೆ ಹೊಸದು ಬರೆಯಿರಿ. ಅಂಗವೈಕಲ್ಯದ 1995ರ ಕಾಯ್ದೆಯಲ್ಲಿ 7 ಬಗೆ, 2016ರದರಲ್ಲಿ 21. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಶೇ 3ರಿಂದ 4ಕ್ಕೆ ಏರಿತು. ಮಾನಸಿಕ ಆರೋಗ್ಯದಲ್ಲಿ 1912ರ ಹುಚ್ಚರ ಕಾಯ್ದೆ, 1987ರದು, 2017ರದು ಹೀಗೆ ಮೂರು ಮೆಟ್ಟಿಲು. 2017ರ ಕಾಯ್ದೆ ತಂದ ಮುಂಗಡ ನಿರ್ದೇಶನ (ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಬರೆದಿಡುವುದು) ಮತ್ತು ನಾಮನಿರ್ದೇಶಿತ ಪ್ರತಿನಿಧಿ (ಆಗ ತನ್ನ ಪರವಾಗಿ ನಿಲ್ಲಲು ಹೆಸರಿಸಿದವರು), ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುವ 115ನೇ ಸೆಕ್ಷನ್, ಇವು ಮುಖ್ಯ. ಜತೆಯಲ್ಲೇ ಕಾರ್ಯಕ್ರಮಗಳ ಸರಣಿ: 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ನಿಮ್ಹಾನ್ಸ್ ರೂಪಿಸಿದ ಬಳ್ಳಾರಿ ಮಾದರಿ (ಜಿಲ್ಲೆಯೊಳಗೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿದ ಪ್ರಯೋಗ), ಅದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ನಮ್ಮ ರಾಜ್ಯದ ಕೊಡುಗೆಯಾದ ಇದನ್ನು ನಮ್ಮವರೇ ಮರೆತು ಬರುವುದು ಬೇಸರದ ಸಂಗತಿ.

ಅತಿ ಹೆಚ್ಚು ‘ಕ’ ಬೀಳುವುದು ಬಾಲನ್ಯಾಯದಲ್ಲಿ. 1986, 2000, 2015, ಮತ್ತೆ 2021ರ ತಿದ್ದುಪಡಿ. ಪಾಲನೆ, ರಕ್ಷಣೆ ಬೇಕಾದ ಮಗು ಹೋಗುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಗು ಬಾಲನ್ಯಾಯ ಮಂಡಳಿಯ ಮುಂದೆ. ಸಮಿತಿಯಲ್ಲಿ ಅಧ್ಯಕ್ಷರ ಜತೆ ನಾಲ್ವರು ಸದಸ್ಯರು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. 16 ತುಂಬಿದ ಮಗು ಘೋರ ಅಪರಾಧ ಎಸಗಿದ ಆರೋಪವಿದ್ದರೆ ಪ್ರಾಥಮಿಕ ಮೌಲ್ಯಮಾಪನ ಮಾಡುವುದು ಮಂಡಳಿ, ಮೂರು ತಿಂಗಳೊಳಗೆ. ದತ್ತು ಆದೇಶ ಹೊರಡಿಸುವ ಅಧಿಕಾರ 2021ರ ತಿದ್ದುಪಡಿಯಿಂದಾಗಿ ಕೋರ್ಟಿನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬಂತು. ಹಳೆಯ ಗೈಡ್‌ಗಳಲ್ಲಿ ಈ ಕೊನೆಯ ಬದಲಾವಣೆ ಇರುವುದಿಲ್ಲ, ಮುದ್ರಣದ ವರ್ಷ ನೋಡಿಕೊಳ್ಳಿ.

ಸಿದ್ಧಾಂತಗಳನ್ನು ನಿಮ್ಮ ಬೀದಿಗೆ ತನ್ನಿ

ಸಮಾಜಕಾರ್ಯದ ಲೇಖಕರಾದ ಪಿಂಕಸ್ ಮತ್ತು ಮಿನಾಹನ್ ಹೇಳಿದ ನಾಲ್ಕು ವ್ಯವಸ್ಥೆಗಳನ್ನು ಹೊಂದಿಸಿ ಬರೆಯಿರಿ ಎಂದರೆ ಕಷ್ಟ. ಒಂದು ಬಡಾವಣೆಯಲ್ಲಿ ಕಸದ ಗಾಡಿ ಬರುತ್ತಿಲ್ಲ ಎಂದುಕೊಳ್ಳಿ. ನಿವಾಸಿಗಳು ಒಂದು ಸಂಸ್ಥೆಯ ಸಮಾಜಕಾರ್ಯಕರ್ತರ ನೆರವು ಕೇಳಿದರು. ಕಾರ್ಯಕರ್ತರು ಮತ್ತು ಅವರ ಸಂಸ್ಥೆ ಬದಲಾವಣೆ ತರುವ ವ್ಯವಸ್ಥೆ. ನಿವಾಸಿಗಳು ಕಕ್ಷಿದಾರ ವ್ಯವಸ್ಥೆ. ಬದಲಾಗಬೇಕಾದ ಪಾಲಿಕೆಯ ಅಧಿಕಾರಿಗಳು ಗುರಿ ವ್ಯವಸ್ಥೆ. ಈ ಕೆಲಸದಲ್ಲಿ ಕೈಜೋಡಿಸಿದ ಸ್ತ್ರೀಶಕ್ತಿ ಸಂಘ, ಶಾಲೆಯ ಮೇಷ್ಟ್ರು ಕ್ರಿಯಾ ವ್ಯವಸ್ಥೆ. ಗಾಡಿ ಬಂದರೂ ಜನ ಮೂಲೆಯಲ್ಲೇ ಕಸ ಸುರಿಯುತ್ತಿದ್ದರೆ ಆಗ ಕಕ್ಷಿದಾರರೇ ಗುರಿ. ಕಠಿಣ ಪ್ರಶ್ನೆ ಹುಟ್ಟುವುದು ಸರಿಯಾಗಿ ಈ ಜಾಗದಲ್ಲಿ.

ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಖಚಿತವಾಗಿ ಗೊತ್ತಿರುವ ಒಂದು ಜೋಡಿಯಿಂದ ಶುರುಮಾಡಿದರೆ ಸಾಮಾನ್ಯವಾಗಿ ಎರಡು ಆಪ್ಷನ್ ಅಲ್ಲೇ ಬಿದ್ದುಹೋಗುತ್ತವೆ. ಕಾಲಾನುಕ್ರಮಕ್ಕೂ ಅದೇ ದಾರಿ: ಮೊದಲನೆಯದನ್ನೂ ಕೊನೆಯದನ್ನೂ ಹಿಡಿಯಿರಿ. ಇಸವಿ ಮರೆತರೂ ಕಾರಣ ನೆನಪಿರುತ್ತದೆ. ಅಮೆರಿಕದ ಸಮಾಜಸೇವಕಿ ಜೇನ್ ಆಡಮ್ಸ್, ಬಡವರ ನಡುವೆಯೇ ನೆಲೆಸಿ ಸೇವೆ ಮಾಡುವ ಕೇಂದ್ರವಾದ ಲಂಡನ್ನಿನ ಟಾಯ್ನ್‌ಬೀ ಹಾಲ್ ನೋಡಿ ಬಂದ ಮೇಲೆ ಷಿಕಾಗೋದಲ್ಲಿ ಹಲ್ ಹೌಸ್ ತೆರೆದರು. ಆದ್ದರಿಂದ 1884 ಮೊದಲು, 1889 ಆಮೇಲೆ. ಮುಂಬೈಯಲ್ಲಿ ಸಮಾಜಕಾರ್ಯ ಶಿಕ್ಷಣ ಶುರುವಾದದ್ದು 1936ರಲ್ಲಿ.

ಸಂಖ್ಯೆ ಕಂಡು ಹೆದರಬೇಡಿ

ಸಂಶೋಧನಾ ಘಟಕದಲ್ಲಿ ಲೆಕ್ಕಗಳು ಚಿಕ್ಕವು. ಐದು ಮನೆಗಳ ಸಾಲ ಸಾವಿರ ರೂಪಾಯಿಗಳಲ್ಲಿ 2, 3, 3, 4, 38. ಸರಾಸರಿ 10, ಮಧ್ಯಾಂಕ 3. ಆ ಬೀದಿಯ ಸ್ಥಿತಿಯನ್ನು ಸರಿಯಾಗಿ ಹೇಳುವುದು ಮಧ್ಯಾಂಕ. ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆಯಲ್ಲಿ 3 ಅಡ್ಡಸಾಲು, 4 ಕಂಬಸಾಲು ಇದ್ದರೆ ಸ್ವಾತಂತ್ರ್ಯದ ಮಟ್ಟ (ಡಿಗ್ರೀಸ್ ಆಫ್ ಫ್ರೀಡಂ) ಎರಡರಲ್ಲೂ ಒಂದೊಂದು ಕಳೆದು 2×3, ಅಂದರೆ 6. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುವುದರಿಂದ, ಕನ್ನಡದಲ್ಲಿ ಓದಿದವರು ಇಂಥ ಪದಗಳ ಇಂಗ್ಲಿಷ್ ರೂಪವನ್ನೂ ಪಕ್ಕದಲ್ಲಿ ಬರೆದು ಕಲಿಯಲೇಬೇಕು.

ಆ ಮೂರು ಗಂಟೆ

180 ನಿಮಿಷಕ್ಕೆ 150 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡ್. ಮೊದಲ ಪತ್ರಿಕೆಗೆ 55 ನಿಮಿಷ, ಎರಡನೆಯದಕ್ಕೆ 110, ಕೊನೆಯ 15 ಬಿಟ್ಟುಬಂದ ಪ್ರಶ್ನೆಗಳಿಗೆ. ದತ್ತಾಂಶ ವಿಶ್ಲೇಷಣೆಯ ಕೋಷ್ಟಕಕ್ಕೆ ಅಂಟಿಕೊಂಡು 15 ನಿಮಿಷ ಕಳೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಕೆ-ಸೆಟ್‌ನ ಓಎಂಆರ್ ಹಾಳೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಗುಂಡಿಯೂ ಒಂದು ಮನೆ ಜಾರುತ್ತದೆ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಿ. ಒಂದನ್ನೂ ಖಾಲಿ ಬಿಡಬೇಡಿ. ಎರಡು ಆಪ್ಷನ್‌ಗಳ ನಡುವೆ ಸಿಕ್ಕಿಕೊಂಡು, ಮೊದಲು ಗುರುತಿಸಿದ್ದನ್ನು ಬದಲಾಯಿಸಬೇಕೆನಿಸಿದರೆ, ಪ್ರಶ್ನೆಯಲ್ಲಿ ಹಿಂದೆ ಗಮನಿಸದ ಒಂದು ಪದ ಈಗ ಕಂಡಿದ್ದರೆ ಮಾತ್ರ ಬದಲಾಯಿಸಿ.

ಪರೀಕ್ಷೆಯ ನಂತರ ತಾತ್ಕಾಲಿಕ ಕೀ ಉತ್ತರ ಬರುತ್ತದೆ. ಅದು ತಪ್ಪಿದೆ ಎನಿಸಿದರೆ ಆಕ್ಷೇಪಣೆಗೆ ಕೆಲವೇ ದಿನಗಳ ಗಡುವು ಇರುತ್ತದೆ. ಗೈಡ್ ಪುಟವನ್ನು ಆಧಾರವಾಗಿ ಕಳಿಸಬೇಡಿ. ಕಾಯ್ದೆಯ ಪ್ರಶ್ನೆಗೆ ಕಾಯ್ದೆಯ ಮೂಲ ಪುಟ, ಸಿದ್ಧಾಂತದ ಪ್ರಶ್ನೆಗೆ ಆ ಲೇಖಕರ ಮೂಲ ಪುಸ್ತಕದ ಪುಟ, ಸಂಬಂಧಪಟ್ಟ ಸಾಲಿಗೆ ಗೆರೆ ಎಳೆದು ಲಗತ್ತಿಸಿ.