ನಾಲ್ಕೂವರೆ ಮಿಲಿಮೀಟರಿನ ಬೆಟ್ಟ

ಹಳೆಯ ಫೋಟೊ ಕಂಡ ಕೂಡಲೇ ವಿಮಾನದ ಹೆಸರು ಹೇಳುವವರು, ಹಳೆಯ ವಿಮಾನಗಳ ಫೋಟೊ ಗುರುತಿಸುವ ನಮ್ಮ ಬಳಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದು ನಿಂತ ನೆಲ ಯಾವುದು ಎಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಜಕ್ಕೂರು, ಅಂದರೆ ಹಾರಾಟ ಕಲಿಸುವ ಬೆಂಗಳೂರಿನ ಪುಟ್ಟ ವಿಮಾನ ನಿಲ್ದಾಣ. ಪುಟ್ಟ ವಿಮಾನವೊಂದರ ಮುಂದೆ ಮನೆಯವರು ನಿಂತಿರುವ ನಮ್ಮ ಫೋಟೊಗೂ ಅದೇ ಗತಿಯಾಗಿತ್ತು. "ಹಿಂದೆ ಕಾಣುವುದು ನಂದಿ ಬೆಟ್ಟ ಕಣಯ್ಯ, ಅದರಲ್ಲಿ ಹುಡುಕುವುದೇನಿದೆ?" ಎಂದು ದೊಡ್ಡಪ್ಪ ತೀರ್ಪು ಕೊಟ್ಟಿದ್ದರು. ಅದು ನಂದಿಯಲ್ಲ, ಚಾಮುಂಡಿ. ಜಕ್ಕೂರಲ್ಲ, ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ. ಈಗ ಅವರೂ ಒಪ್ಪಿದ್ದಾರೆ.

ವಿಮಾನದ ವಿಷಯ ಬೇಗ ಮುಗಿಸುತ್ತೇನೆ. ಮೇಲ್ರೆಕ್ಕೆ, ರೆಕ್ಕೆಗೆ ಆಸರೆಯಾದ ವಿ ಆಕಾರದ ಸ್ಟ್ರಟ್, ಬಾಲದಡಿ ಪುಟ್ಟ ಚಕ್ರ. ಮೂಗಿನಡಿ ಚಕ್ರವಿಲ್ಲವಾದ್ದರಿಂದ ಸೆಸ್ನಾ 150 ಅಲ್ಲ. ಇಬ್ಬರು ಅಕ್ಕಪಕ್ಕ ಕೂರುವಷ್ಟು ಅಗಲದ ಕ್ಯಾಬಿನ್ ಇರುವುದರಿಂದ, ಒಬ್ಬರ ಹಿಂದೊಬ್ಬರು ಕೂರುವ ಸೂಪರ್ ಕಬ್ ಕೂಡ ಅಲ್ಲ. ಎಚ್‌ಎಎಲ್ ಪುಷ್ಪಕ್, 1958ರಲ್ಲಿ ಮೊದಲು ಹಾರಿದ್ದು. ಮೈಮೇಲಿನ ನೋಂದಣಿಯಲ್ಲಿ ವಿಟಿ-ಡಿ ವರೆಗೆ ಓದಬಹುದು; ವಿಟಿ ಎಂದರೆ ಭಾರತದ ವಿಮಾನ. ಏರ್ ಇಂಡಿಯಾದ ವಿಮಾನಗಳನ್ನೇ ನೋಡಿ: 1948ರ ಮಲಬಾರ್ ಪ್ರಿನ್ಸೆಸ್ ವಿಟಿ-ಸಿಕ್ಯೂಪಿ, 1971ರ ಎಂಪರರ್ ಅಶೋಕ ವಿಟಿ-ಇಬಿಡಿ. ಡಿ ಸಾಲು ಹೆಚ್ಚುಕಡಿಮೆ ಇವೆರಡರ ನಡುವಿನದು. ಅರವತ್ತರ ದಶಕ ಎಂದುಕೊಂಡರೆ ಸಾಕು.

ದುಡ್ಡು ಹೋದದ್ದು ನೆಲ ಹುಡುಕುವುದರಲ್ಲಿ. ಮೊದಲು ಒಂದು ಸ್ಟುಡಿಯೊಗೆ ಕೊಟ್ಟೆ. ಹತ್ತಿರ ಹತ್ತಿರ ಎರಡು ಸಾವಿರ ತೆಗೆದುಕೊಂಡು, ಕಂಪ್ಯೂಟರಿನಲ್ಲಿ "ಸ್ಪಷ್ಟ" ಮಾಡಿ ಕೊಟ್ಟರು. ಬೆಟ್ಟದ ಅಂಚು ಸೋಪಿನ ಬಿಲ್ಲೆಯಂತೆ ನುಣುಪಾಗಿತ್ತು, ನೋಂದಣಿಯಲ್ಲಿ ಇಲ್ಲದ ಅಕ್ಷರವೊಂದು ಹೊಸದಾಗಿ ಹುಟ್ಟಿಕೊಂಡಿತ್ತು. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳದೂ ಇದೇ ಚಾಳಿ: ಕಾಣದ್ದನ್ನು ಊಹಿಸಿ ತುಂಬುತ್ತವೆ. ನಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡ ವೈರಿ ಬೇರೆ ಇಲ್ಲ. ಆಮೇಲೆ ಆರೇಳು ಸಾವಿರಕ್ಕೆ ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್ ಕೊಂಡು, ಮೂಲ ಪ್ರಿಂಟನ್ನೇ 2400 ಡಿಪಿಐನಲ್ಲಿ (ಇಂಚಿಗೆ 2400 ಚುಕ್ಕಿ) ಸ್ಕ್ಯಾನ್ ಮಾಡಿದೆ. ರನ್‌ವೇಯ ದಿಕ್ಕು ನೋಡಿ ಗುರುತಿಸೋಣ ಎಂದರೆ ಅದೂ ಕೈಕೊಟ್ಟಿತು. ಜಕ್ಕೂರು, ಮಂಡಕಳ್ಳಿ, ಬಜ್ಪೆಯ ಹಳೆಯ ರನ್‌ವೇ, ಬೆಳಗಾವಿಯ ಸಾಂಬ್ರಾ, ಎಲ್ಲವೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ.

ಕೊನೆಗೆ ಕೈಹಿಡಿದದ್ದು ಈ ಫೋಟೊ ತೆಗೆದ, ಅಜ್ಜನ ಪೆಟ್ಟಿಗೆಯಲ್ಲಿದ್ದ ಕ್ಯಾಮೆರಾ. ಆಗ್ಫಾ ಕ್ಲಿಕ್ ತ್ರೀ, ಮಸೂರದ ಸಂಗಮದೂರ, ಅಂದರೆ ಹೆಚ್ಚುಕಡಿಮೆ ಮಸೂರದಿಂದ ಫಿಲ್ಮಿಗೆ ಇರುವ ದೂರ, 72.5 ಮಿಲಿಮೀಟರ್. ಫೋಟೊ ನೆಗೆಟಿವನ್ನು ಕಾಗದದ ಮೇಲೇ ಇಟ್ಟು ಮಾಡಿದ ಕಾಂಟ್ಯಾಕ್ಟ್ ಪ್ರಿಂಟ್ ಆದ್ದರಿಂದ ಹಿಗ್ಗಿಲ್ಲ, ಕುಗ್ಗಿಲ್ಲ. ಅಂದರೆ ಪ್ರಿಂಟಿನ ಮೇಲೆ ಸ್ಕೇಲಿಟ್ಟು ಅಳೆದರೆ ಕೋನವೇ ಸಿಗುತ್ತದೆ. ಬಯಲು ನೆಲದಲ್ಲಿ, ಕಣ್ಣಿಗೆ ಹಿಡಿದು ತೆಗೆದ ಫೋಟೊದಲ್ಲಿ, ನಿಂತವರ ಕಣ್ಣಿನ ಮಟ್ಟವೇ ದಿಗಂತದ ಗೆರೆ. ಅಲ್ಲಿಂದ ಬೆಟ್ಟದ ನೆತ್ತಿಗೆ ನಾಲ್ಕೂವರೆ ಮಿಲಿಮೀಟರ್, ಅಂದರೆ ಸುಮಾರು ಮೂರೂವರೆ ಡಿಗ್ರಿ.

ಇನ್ನು ಲೆಕ್ಕ ಹಾಕಿ ನೋಡಿ. ಜಕ್ಕೂರಿನಿಂದ ನಂದಿ ನೇರ ದಾರಿಯಲ್ಲಿ 34 ಕಿಲೋಮೀಟರ್ ಆಸುಪಾಸು. ನಂದಿ 1,478 ಮೀಟರ್, ಜಕ್ಕೂರು 920ರ ಹತ್ತಿರ. ಭೂಮಿಯ ಬಾಗು ಕಳೆದರೆ ಈ ಕ್ಯಾಮೆರಾದಲ್ಲಿ ಆ ಬೆಟ್ಟ ಒಂದು ಮಿಲಿಮೀಟರ್ ಬಂದರೆ ಹೆಚ್ಚು. ಮಂಡಕಳ್ಳಿಯಿಂದ ಚಾಮುಂಡಿ ಬೆಟ್ಟ ಐದೇ ಕಿಲೋಮೀಟರ್, ಮುನ್ನೂರು ಚಿಲ್ಲರೆ ಮೀಟರ್ ಮೇಲೆ. ಅದು ಹೆಚ್ಚುಕಡಿಮೆ ನಾಲ್ಕೂವರೆ ಮಿಲಿಮೀಟರಿಗೆ ಬಂದು ಕೂರುತ್ತದೆ. ಗೂಗಲ್ ಅರ್ತ್ ಪ್ರೊದಲ್ಲಿ ನೆಲಮಟ್ಟಕ್ಕೆ ಇಳಿದು, ಟ್ರೇಸಿಂಗ್ ಹಾಳೆಯ ಮೇಲೆ ಬಿಡಿಸಿಕೊಂಡಿದ್ದ ಬೆಟ್ಟದ ಗೆರೆಯನ್ನು ಪರದೆಗೆ ಹಿಡಿದೆ. ಎಡದ ಇಳಿಜಾರಿನ ಸಣ್ಣ ಮಡಿಕೆಯೂ ಹೊಂದಿಕೊಂಡಿತು.

"ಆ ಡಬ್ಬಾ ಕ್ಯಾಮೆರಾದ ಮಸೂರವನ್ನು ನಂಬಿ ಕೋನ ಅಳೆಯುವುದುಂಟೇ ಸಾರ್?" ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕಾಗಿ ಅದೇ ಕ್ಯಾಮೆರಾಗೆ 120 ಫಿಲ್ಮ್ ಹಾಕಿ, ದೂರವನ್ನೂ ಎತ್ತರವನ್ನೂ ಅಳೆದಿಟ್ಟುಕೊಂಡ ನೀರಿನ ಟ್ಯಾಂಕ್‌ನ ಫೋಟೊ ತೆಗೆದೆ. ರೋಲಿಗೆ ಎಂಟುನೂರು, ತೊಳೆಸಲು ಮತ್ತೆ ನಾನೂರೋ ಐನೂರೋ. ಚೌಕಟ್ಟಿನ ಅಂಚಿನಲ್ಲಿ ಗೆರೆಗಳು ಬಾಗುತ್ತವೆ, ನಿಜ. ನಡುಭಾಗದಲ್ಲಿ ತಪ್ಪು ನೂರಕ್ಕೆ ಎರಡೋ ಮೂರೋ ಅಷ್ಟೇ. ನಮ್ಮ ಬೆಟ್ಟ ಇರುವುದು ನಡುವಿಗೆ ಹತ್ತಿರ. ಒಂದಕ್ಕೂ ನಾಲ್ಕೂವರೆಗೂ ಇರುವ ಅಂತರವನ್ನು ಯಾವ ಮಸೂರವೂ ತಿನ್ನಲಾರದು.

ನೆರಳು ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ನಿಂತವರ ನೆರಳು ಕ್ಯಾಮೆರಾದಿಂದ ಆಚೆಗೆ, ಬೆಟ್ಟಕ್ಕಿಂತ ತುಸು ಎಡಕ್ಕೆ ಹೋಗುತ್ತದೆ. ಉದ್ದ ಆಳಿನ ಎತ್ತರದ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಮೈಸೂರಿನಲ್ಲಿ ಅಷ್ಟುದ್ದದ ನೆರಳು ಉತ್ತರಕ್ಕೆ ಬೀಳುವುದು ಡಿಸೆಂಬರ್ ಆಸುಪಾಸಿನ ನಡುಮಧ್ಯಾಹ್ನ. ಬೆಟ್ಟ ಮಂಡಕಳ್ಳಿಗೆ ಉತ್ತರ-ಈಶಾನ್ಯಕ್ಕಿದೆ, ಹಾಗಾಗಿ ನೆರಳು ಎಡಕ್ಕೆ ವಾಲಲೇಬೇಕು. ಊರಿನ ಕಡೆಯಿಂದ ತೆಗೆದಿದ್ದರೆ ನೆರಳು ನಮ್ಮತ್ತ ಬರುತ್ತಿತ್ತು, ಬೆಟ್ಟದ ಮೈ ಕಪ್ಪಾಗಿರುತ್ತಿತ್ತು. ಇಲ್ಲಿ ಬಂಡೆಗಳ ಮೇಲೆ ಬಿಸಿಲು ಹೊಳೆಯುತ್ತಿದೆ. ಓರೆಯಾಗಿ ಕಾಣುವ ನೆರಳಿನ ನಿಜವಾದ ಉದ್ದವನ್ನು ತೆಗೆಯಲು ವಿಮಾನವನ್ನೇ ಅಳತೆಗೋಲು ಮಾಡಿಕೊಂಡೆ. ಅದರ ಪಟ್ಟನ್ನು ಇಲ್ಲಿ ಬಿಡಿಸುವುದಿಲ್ಲ, ಇನ್ನೂ ಕೆಲವು ಫೋಟೊಗಳಿಗೆ ಅದು ನನಗೆ ಬೇಕು.

ನಡುವೆ ಇನ್ನೊಂದು ಫೋಟೊ ಕೈಗೆ ಬಂತು. ಜೋಡಿ ರೆಕ್ಕೆಯ ಹಳೆಯ ತರಬೇತಿ ವಿಮಾನ ಟೈಗರ್ ಮಾತ್ ಮುಂದೆ ಕೊಡಗಿನ ದಂಪತಿ. ಸೆರಗು ಬಲಹೆಗಲಿನ ಮೇಲಿರುವುದರಿಂದ ನೆಗೆಟಿವ್ ತಿರುವುಮುರುವಾಗಿದೆ ಎಂದು ಎಲ್ಲರೂ ಹೇಳಿದ್ದರು. ಕೊಡವ ಸೀರೆಯ ಸೆರಗು ಬಲಕ್ಕೇ ಬರುವುದು ಎಂದೆ, ಒಪ್ಪಲಿಲ್ಲ. ಪ್ರೊಪೆಲ್ಲರ್ ತೋರಿಸಿದೆ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ಪುಷ್ಪಕ್‌ನ ಕಾಂಟಿನೆಂಟಲ್ ಎಂಜಿನ್‌ಗೆ ವಿರುದ್ಧ ದಿಕ್ಕಿಗೆ. ಅಲಗಿನ ತಿರುಚೂ ಹಾಗೆಯೇ. ಫೋಟೊದಲ್ಲಿ ತಿರುಚು ಇರಬೇಕಾದಂತೆಯೇ ಇತ್ತು. ಪ್ರಿಂಟ್ ಸರಿಯಾಗಿದೆ. ನನಗೆ ಮಂಡಕಳ್ಳಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಇದೇ.

ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಕೈಬಿಟ್ಟಿದೆ. ಅರ್ಧಕ್ಕಿಂತ ಹೆಚ್ಚು ದಂಡ. ಈಗ ಮೊದಲ ಸಲ ಮಾಡುವವರಿಗೆ ಸ್ಕ್ಯಾನರ್ ಮತ್ತು ಒಂದು ರೋಲ್ ಫಿಲ್ಮ್ ಸಾಕು, ಆದರೆ ಫೋಟೊ ತೆಗೆದ ಕ್ಯಾಮೆರಾ ಯಾವುದು ಎಂದು ಮನೆಯ ಹಿರಿಯರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ನೋಂದಣಿಯ ಕೊನೆಯ ಎರಡು ಅಕ್ಷರಗಳು ಸೋದರತ್ತೆಯ ಹೆಗಲ ಹಿಂದೆ ಅಡಗಿವೆ. ಅರವತ್ತರ ದಶಕದಲ್ಲಿ ಜಕ್ಕೂರಿನಲ್ಲಿ ಹಾರಾಟ ಕಲಿತವರ ಲಾಗ್ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ, ಡಿಸೆಂಬರ್, ಜನವರಿ ಪುಟಗಳಲ್ಲಿ ಪುಷ್ಪಕ್ ಮೈಸೂರಿಗೆ ಹೋದ ಸಾಲು ಇದೆಯೇ ನೋಡಿ ತಿಳಿಸಿ.